ಇಪ್ಪತ್ತೆರಡು ಉದಾಹರಣೆಗಳ ಮೇಷ್ಟ್ರು: ಹೆನ್ರಿ ಬೀಚರ್

ವಿಜ್ಞಾನಿಗಳ ಬಗ್ಗೆ ಬರೆಯುವಾಗ ನಾವು ಸಾಮಾನ್ಯವಾಗಿ ಅವರು ಏನು ಕಂಡುಹಿಡಿದರು ಅಂತ ಬರೀತೀವಿ. ಈ ಸಲ ಸ್ವಲ್ಪ ಬೇರೆ ಥರದ ಒಬ್ಬರ ಬಗ್ಗೆ ಬರೀತಿದ್ದೀನಿ. ಇವರು ದೊಡ್ಡ ಮೆಡಿಕಲ್ ಕಾಲೇಜಿನ ದೊಡ್ಡ ಪ್ರೊಫೆಸರ್. ಆದರೆ ಇವರನ್ನು ಜಗತ್ತು ಇವತ್ತಿಗೂ ನೆನಪಿಟ್ಟುಕೊಂಡಿರೋದು ಯಾವುದೋ ಔಷಧಕ್ಕೋ ಯಂತ್ರಕ್ಕೋ ಅಲ್ಲ. ತಮ್ಮದೇ ಸಹೋದ್ಯೋಗಿಗಳು ರೋಗಿಗಳ ಮೇಲೆ ಮಾಡುತ್ತಿದ್ದ ತಪ್ಪು ಪ್ರಯೋಗಗಳನ್ನು ಪಟ್ಟಿ ಮಾಡಿ ಎಲ್ಲರ ಮುಂದೆ ಇಟ್ಟಿದ್ದಕ್ಕೆ. ಹೆಸರು ಹೆನ್ರಿ ನೋಲ್ಸ್ ಬೀಚರ್.

ಹುಟ್ಟಿದಾಗ ಆ ಹೆಸರು ಇರಲಿಲ್ಲ ಅನ್ನೋದು ಮೊದಲ ವಿಶೇಷ. 1904ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಹುಟ್ಟಿದ ಹುಡುಗನ ಹೆಸರು ಹ್ಯಾರಿ ಉನಾಂಗ್ಸ್ಟ್. ಇಪ್ಪತ್ತರ ಹರೆಯದಲ್ಲಿ ಆತ ಹೆಸರು ಬದಲಿಸಿಕೊಂಡು ಹೆನ್ರಿ ಬೀಚರ್ ಆದ. ಬೀಚರ್ ಅನ್ನೋದು ಅಮೆರಿಕದಲ್ಲಿ ದೊಡ್ಡ ಮನೆತನದ ಹೆಸರು. ಗುಲಾಮಗಿರಿಯ ವಿರುದ್ಧ ಅಂಕಲ್ ಟಾಮ್ಸ್ ಕ್ಯಾಬಿನ್ ಕಾದಂಬರಿ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ ಅದೇ ಮನೆತನದವರು. ನಮ್ಮ ಹ್ಯಾರಿಗೂ ಆ ಮನೆತನಕ್ಕೂ ಗುರುತಿಸಿಕೊಳ್ಳುವಂಥ ಹತ್ತಿರದ ಸಂಬಂಧವೇನೂ ಇರಲಿಲ್ಲ. ಸಣ್ಣ ಊರಿನಿಂದ ಹೊರಟು ದೊಡ್ಡ ಜಾಗ ಸೇರಬೇಕು ಅನ್ನೋ ಆಸೆ ಎಷ್ಟು ಗಟ್ಟಿಯಾಗಿತ್ತು ಅನ್ನೋದಕ್ಕೆ ಇಷ್ಟು ಸಾಕು.

ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, ಆಮೇಲೆ ಹಾರ್ವರ್ಡ್ ಮೆಡಿಕಲ್ ಸ್ಕೂಲಿಗೆ ಸೇರಿ 1932ರಲ್ಲಿ ವೈದ್ಯರಾದರು. ಸರ್ಜರಿಯಲ್ಲಿ ತರಬೇತಿ ಪಡೆದರು. 1935ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಹೋಗಿ ನೊಬೆಲ್ ಪುರಸ್ಕೃತ ವಿಜ್ಞಾನಿ ಆಗಸ್ಟ್ ಕ್ರೋಗ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ವಾಪಸ್ ಬಂದ ಮೇಲೆ 1936ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಅರಿವಳಿಕೆ ವಿಭಾಗಕ್ಕೆ ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿದರು. ಮಜಾ ಏನು ಅಂದ್ರೆ, ಅರಿವಳಿಕೆಯಲ್ಲಿ ಅವರಿಗೆ ಪ್ರತ್ಯೇಕ ತರಬೇತಿಯೇ ಆಗಿರಲಿಲ್ಲ! 1846ರಲ್ಲಿ ಈಥರ್ ಕೊಟ್ಟು ನೋವಿಲ್ಲದೆ ಆಪರೇಷನ್ ಮಾಡಬಹುದು ಅಂತ ಎಲ್ಲರೆದುರು ತೋರಿಸಿದ್ದು ಇದೇ ಆಸ್ಪತ್ರೆಯಲ್ಲಿ. ಅಂಥ ಜಾಗದಲ್ಲಿ 1941ರ ಹೊತ್ತಿಗೆ ಬೀಚರ್ ಅರಿವಳಿಕೆಯ ಪೂರ್ಣ ಪ್ರೊಫೆಸರ್ ಆದರು. ಅರಿವಳಿಕೆಗೆ ಅಂತಲೇ ದತ್ತಿ ಇಟ್ಟ ಪ್ರೊಫೆಸರ್ ಪೀಠ ಪ್ರಪಂಚದಲ್ಲಿ ಅದೇ ಮೊದಲನೆಯದು.

ಯುದ್ಧಭೂಮಿ ಕಲಿಸಿದ್ದು

ಎರಡನೇ ಮಹಾಯುದ್ಧದಲ್ಲಿ ಬೀಚರ್ ಸೇನೆಯ ವೈದ್ಯರಾಗಿ ಉತ್ತರ ಆಫ್ರಿಕಾ ಮತ್ತು ಇಟಲಿಗೆ ಹೋದರು. ಅಲ್ಲಿ ಅವರು ಒಂದು ವಿಚಿತ್ರ ಗಮನಿಸಿದರು. ಭಯಂಕರವಾಗಿ ಗಾಯಗೊಂಡು ಬಂದ ಸೈನಿಕರನ್ನು ನೋವು ಇದೆಯಾ, ಔಷಧ ಬೇಕಾ ಅಂತ ಕೇಳಿದರೆ ಬಹಳಷ್ಟು ಜನ ಬೇಡ ಅಂತಿದ್ದರು. ಯುದ್ಧ ಮುಗಿದ ಮೇಲೆ ಬಾಸ್ಟನ್‌ನಲ್ಲಿ ಆಪರೇಷನ್ ಆದ ಸಾಮಾನ್ಯ ಜನರ ಜೊತೆ ಅವರು ಹೋಲಿಸಿ ನೋಡಿದರು. ಸೈನಿಕರಲ್ಲಿ ನೋವಿನ ಔಷಧ ಬೇಕು ಅಂದವರು ಸುಮಾರು 32 ಶೇಕಡಾ, ಸಾಮಾನ್ಯ ಜನರಲ್ಲಿ 83 ಶೇಕಡಾ. ಸೈನಿಕನಿಗೆ ಗಾಯ ಅಂದರೆ ಜೀವ ಉಳಿಯಿತು, ಇನ್ನು ಮನೆಗೆ ಹೋಗಬಹುದು ಅಂತ ಅರ್ಥ. ಊರಲ್ಲಿರುವವನಿಗೆ ಆಪರೇಷನ್ ಅಂದರೆ ಕಷ್ಟ ಶುರುವಾಯ್ತು ಅಂತ ಅರ್ಥ. ಹಾಗಾಗಿ ನೋವು ಅನ್ನೋದು ಬರೀ ಗಾಯದ ಅಳತೆಯಲ್ಲ, ಆ ಗಾಯಕ್ಕೆ ಮನಸ್ಸು ಕೊಡುವ ಅರ್ಥವೂ ಅದರಲ್ಲಿ ಸೇರಿದೆ ಅಂತ ಬೀಚರ್ ವಾದಿಸಿದರು.

ಇಲ್ಲಿಂದ ಅವರು ಪ್ಲಸೀಬೋ ಕಡೆಗೆ ಬಂದರು. ಪ್ಲಸೀಬೋ ಅಂದ್ರೆ ಒಳಗೆ ಔಷಧವೇ ಇಲ್ಲದ ಸುಮ್ಮನೆ ಸಕ್ಕರೆ ಮಾತ್ರೆ ಥರದ್ದು. 1955ರಲ್ಲಿ ಅವರು 15 ಅಧ್ಯಯನಗಳ 1082 ರೋಗಿಗಳ ಲೆಕ್ಕ ಒಟ್ಟು ಮಾಡಿ, ಸರಾಸರಿ 35 ಶೇಕಡಾ ಜನರಿಗೆ ಪ್ಲಸೀಬೋದಿಂದಲೇ ಸಮಾಧಾನ ಸಿಗುತ್ತೆ ಅಂತ ಬರೆದರು. ಈ ಸಂಖ್ಯೆ ತುಂಬಾ ಫೇಮಸ್ ಆಯ್ತು. ತಾನಾಗಿಯೇ ವಾಸಿಯಾದವರನ್ನೂ ಬೀಚರ್ ಅದರಲ್ಲೇ ಸೇರಿಸಿಬಿಟ್ಟಿದ್ದಾರೆ ಅಂತ ನಂತರದವರು ಟೀಕೆ ಮಾಡಿದ್ದಾರೆ, ಆ ಟೀಕೆ ಸರಿಯಾದದ್ದೇ. ಆದರೂ ಹೊಸ ಔಷಧವನ್ನು ಪರೀಕ್ಷಿಸುವಾಗ ರೋಗಿಗೂ ವೈದ್ಯರಿಗೂ ಯಾರಿಗೆ ಯಾವುದು ಕೊಟ್ಟಿದೆ ಅಂತ ಗೊತ್ತಿರಬಾರದು ಅನ್ನೋ ನಿಯಮ ಗಟ್ಟಿಯಾಗೋದರಲ್ಲಿ ಬೀಚರ್ ಪಾಲು ದೊಡ್ಡದು.

ಇನ್ನೊಂದು ಕೆಲಸ ನಮ್ಮ ಡೇಟಾ ಪ್ರಿಯರಿಗೆ ಇಷ್ಟವಾಗುತ್ತೆ. 1948ರಿಂದ 1952ರವರೆಗೆ ಹತ್ತು ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಟ್ಟ 5,99,548 ಪ್ರಕರಣಗಳನ್ನು ಬೀಚರ್ ಮತ್ತು ಅವರ ಜೊತೆಗಾರ ಟಾಡ್ ದಾಖಲು ಮಾಡಿದರು. ಸುಮಾರು 1560 ಪ್ರಕರಣಕ್ಕೆ ಒಂದು ಸಾವಿನಲ್ಲಿ ಅರಿವಳಿಕೆಯ ಪಾತ್ರ ಇತ್ತು ಅಂತ 1954ರಲ್ಲಿ ಪ್ರಕಟಿಸಿದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಆರು ಲಕ್ಷ ಪ್ರಕರಣ! ತಮ್ಮದೇ ವಿಭಾಗದ ಕೆಲಸದಿಂದ ಎಷ್ಟು ಜನ ಸತ್ತರು ಅಂತ ಎಣಿಸಿ ಅಚ್ಚು ಹಾಕಿಸೋದು ಎಲ್ಲರೂ ಮಾಡುವ ಕೆಲಸ ಅಲ್ಲ. ಸಹೋದ್ಯೋಗಿಗಳಿಗೆ ಸಿಟ್ಟು ಬರುವ ವಿಷಯವನ್ನು ಎಣಿಸಿ ಬರೆಯುವ ಅಭ್ಯಾಸ ಅವರಿಗೆ ಆಗಲೇ ಇತ್ತು.

ಬೀಚರ್ ಬದುಕಿನ ಕತ್ತಲೆ ಭಾಗ

ಇಲ್ಲಿವರೆಗೆ ಓದಿದರೆ ಇವರು ಹೀರೋ ಅನ್ನಿಸುತ್ತೆ. ಆದರೆ ಕಥೆ ಅಷ್ಟು ಸಲೀಸಿಲ್ಲ. 1950ರ ದಶಕದಲ್ಲಿ ಬೀಚರ್ ಅಮೆರಿಕದ ಸೇನೆಯ ಹಣದಿಂದ ಎಲ್‌ಎಸ್‌ಡಿಯಂಥ ಮನಸ್ಸು ಕದಡುವ ಮದ್ದುಗಳ ಪ್ರಯೋಗ ನಡೆಸಿದರು. ಸೆರೆಸಿಕ್ಕವರ ಬಾಯಿ ಬಿಡಿಸುವ ಮದ್ದುಗಳ ಬಗ್ಗೆ ಸೇನೆಗೆ ಆಗ ಆಸಕ್ತಿ ಇತ್ತು. ಆ ವಿಷಯವಾಗಿ ಬೀಚರ್ ಯುರೋಪಿನ ಅಮೆರಿಕನ್ ವಿಚಾರಣಾ ಕೇಂದ್ರದವರ ಜೊತೆ ಮಾತಾಡಿ ಬಂದಿದ್ದನ್ನು ಇತಿಹಾಸಕಾರ ಆಲ್ಫ್ರೆಡ್ ಮೆಕಾಯ್ ದಾಖಲಿಸಿದ್ದಾರೆ.

ಇನ್ನೂ ಒಂದಿದೆ. ಯುದ್ಧದ ಸಮಯದಲ್ಲಿ ನಾಜಿ ವೈದ್ಯರು ಕೈದಿಗಳ ಮೇಲೆ ಮಾಡಿದ ಕ್ರೂರ ಪ್ರಯೋಗಗಳ ವಿಚಾರಣೆ ಮುಗಿದಾಗ, 1947ರಲ್ಲಿ, ನ್ಯೂರೆಂಬರ್ಗ್ ಸಂಹಿತೆ ಅಂತ ಹತ್ತು ನಿಯಮಗಳು ಬಂದವು. ಪ್ರಯೋಗಕ್ಕೆ ಒಳಗಾಗುವವರು ತಾವಾಗಿ ಒಪ್ಪಲೇಬೇಕು ಅನ್ನೋದು ಅದರ ಮೊದಲ ನಿಯಮ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಸೇನೆ ತನ್ನ ಸಂಶೋಧನಾ ಒಪ್ಪಂದಗಳಲ್ಲಿ ಈ ಥರದ ನಿಯಮ ಹಾಕಿದಾಗ ಹಾರ್ವರ್ಡ್ ಮೆಡಿಕಲ್ ಸ್ಕೂಲಿನವರು ಬೇಡ ಅಂದರು. ಹಾಗೆ ಬೇಡ ಅಂದವರಲ್ಲಿ ಮುಂದೆ ನಿಂತವರು ಬೀಚರ್. ಒಳ್ಳೆಯ ವೈದ್ಯನಿಗೆ ಕಟ್ಟುನಿಟ್ಟಿನ ನಿಯಮ ಅಡ್ಡಿ, ಕೆಟ್ಟವನಿಗೆ ನಿಯಮದಿಂದ ಏನೂ ಆಗಲ್ಲ ಅನ್ನೋದು ಅವರ ವಾದ. ಕೊನೆಗೆ ಸೇನೆಯೇ, ಇವು ಮಾರ್ಗಸೂಚಿ ಮಾತ್ರ ಅಂತ ಮೆತ್ತಗಾಯ್ತು.

ಅಂದರೆ ಐದೇ ವರ್ಷದ ಹಿಂದೆ ನಿಯಮ ಬೇಡ ಅಂದವರೇ 1966ರಲ್ಲಿ ಆ ಪಟ್ಟಿ ಬರೆದರು. ಹಳೆಯ ಕೆಲಸದ ಪಶ್ಚಾತ್ತಾಪವೋ, ರೋಗಿಗಳ ಬಗ್ಗೆ ನಿಧಾನವಾಗಿ ಬೆಳೆದ ಕಾಳಜಿಯೋ, ಇತಿಹಾಸಕಾರರು ಇವತ್ತಿಗೂ ಚರ್ಚೆ ಮಾಡ್ತಾರೆ.

ಪಟ್ಟಿ

1965ರ ಮಾರ್ಚ್‌ನಲ್ಲಿ ಮಿಷಿಗನ್ ರಾಜ್ಯದ ಬ್ರೂಕ್ ಲಾಡ್ಜ್ ಅನ್ನೋ ಜಾಗದಲ್ಲಿ ನಡೆದ ಸಭೆಯಲ್ಲಿ ಬೀಚರ್ ಮಾತಾಡಿದರು. ಅಲ್ಲಿ ಪತ್ರಕರ್ತರೂ ಇದ್ದರು. ಹೆಸರಾಂತ ಆಸ್ಪತ್ರೆಗಳಲ್ಲಿ, ಹೆಸರಾಂತ ಸಂಶೋಧಕರು, ರೋಗಿಗಳಿಗೆ ಹೇಳದೆ ಕೇಳದೆ ಅಪಾಯಕಾರಿ ಪ್ರಯೋಗ ಮಾಡ್ತಿದ್ದಾರೆ ಅಂತ ಒಂದೊಂದೇ ಉದಾಹರಣೆ ಕೊಟ್ಟರು. ಮರುದಿನ ಪತ್ರಿಕೆಗಳಲ್ಲಿ ಸುದ್ದಿ. ಸಹೋದ್ಯೋಗಿಗಳು ಕೆಂಡವಾದರು. ಇಬ್ಬರು ವೈದ್ಯರು ಪತ್ರಿಕಾಗೋಷ್ಠಿ ಕರೆದು, ಬೀಚರ್ ಉತ್ಪ್ರೇಕ್ಷೆ ಮಾಡ್ತಿದ್ದಾರೆ ಅಂತ ಹೇಳಿಕೆಯೂ ಕೊಟ್ಟರು.

ಬೀಚರ್ ಸುಮ್ಮನಾಗಲಿಲ್ಲ. ಲೇಖನ ಬರೆದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಗೆ ಕಳಿಸಿದರು. ಅವರು ತಿರಸ್ಕರಿಸಿದರು. ಆಮೇಲೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ಗೆ ಕಳಿಸಿದರು. ಮೊದಲು 50 ಉದಾಹರಣೆ ಇದ್ದದ್ದನ್ನು 22ಕ್ಕೆ ಇಳಿಸಿ, 1966ರ ಜೂನ್ 16ರ ಸಂಚಿಕೆಯಲ್ಲಿ ಅದು ಅಚ್ಚಾಯಿತು.

ಆ 22ರಲ್ಲಿ ಕೆಲವನ್ನು ನೋಡಿ.

ಟೈಫಾಯ್ಡ್‌ಗೆ ಕ್ಲೋರಾಂಫೆನಿಕಾಲ್ ಅನ್ನೋ ಔಷಧ ಕೆಲಸ ಮಾಡುತ್ತೆ ಅಂತ ಆಗಲೇ ಗೊತ್ತಿತ್ತು. ಆದರೂ ಒಂದು ಅಧ್ಯಯನದಲ್ಲಿ 408 ಧರ್ಮಾರ್ಥ ರೋಗಿಗಳನ್ನು, ಅಂದರೆ ದುಡ್ಡು ಕೊಡಲಾಗದ ಬಡವರನ್ನು, ಎರಡು ಗುಂಪು ಮಾಡಿದರು. 251 ಜನರಿಗೆ ಔಷಧ ಕೊಟ್ಟರು, ಅವರಲ್ಲಿ 20 ಜನ ಸತ್ತರು. 157 ಜನರಿಗೆ ಕೊಡಲಿಲ್ಲ, ಅವರಲ್ಲಿ 36 ಜನ ಸತ್ತರು. ಲೆಕ್ಕ ನೀವೇ ಹಾಕಿ: ಮೊದಲ ಗುಂಪಿನಲ್ಲಿ ಸತ್ತವರು ಸುಮಾರು 8 ಶೇಕಡಾ, ಎರಡನೆಯದರಲ್ಲಿ ಸುಮಾರು 23 ಶೇಕಡಾ. ಔಷಧ ಕೊಟ್ಟಿದ್ದರೆ ಬದುಕುತ್ತಿದ್ದವರು ಸುಮಾರು 23 ಜನ ಅಂತ ಬೀಚರ್ ಬರೆದರು.

ಇನ್ನೊಂದರಲ್ಲಿ ಗಂಟಲು ಸೋಂಕಾದ 500ಕ್ಕೂ ಹೆಚ್ಚು ಸೈನಿಕರಿಗೆ ಪೆನಿಸಿಲಿನ್ ಕೊಡಲಿಲ್ಲ. ಪೆನಿಸಿಲಿನ್ ಕೊಟ್ಟರೆ ರುಮ್ಯಾಟಿಕ್ ಜ್ವರ ತಡೆಯಬಹುದು ಅಂತ ಗೊತ್ತಿತ್ತು. 25 ಸೈನಿಕರಿಗೆ ಆ ಜ್ವರ ಬಂತು. ಅದು ಹೃದಯದ ಕವಾಟವನ್ನೇ ಹಾಳು ಮಾಡಬಲ್ಲ ಕಾಯಿಲೆ. ತಾವು ಪ್ರಯೋಗದಲ್ಲಿ ಇದ್ದೇವೆ ಅಂತಲೇ ಆ ಸೈನಿಕರಿಗೆ ಗೊತ್ತಿರಲಿಲ್ಲ.

ನ್ಯೂಯಾರ್ಕ್‌ನ ವಿಲೋಬ್ರೂಕ್‌ನಲ್ಲಿ ಬುದ್ಧಿಮಾಂದ್ಯ ಮಕ್ಕಳ ಸರ್ಕಾರಿ ಸಂಸ್ಥೆಯಿತ್ತು. ಅಲ್ಲಿ ಮಕ್ಕಳಿಗೆ ಬೇಕಂತಲೇ ಹೆಪಟೈಟಿಸ್ ಸೋಂಕು ತಗುಲಿಸಿ ಕಾಯಿಲೆ ಹೇಗೆ ಬೆಳೆಯುತ್ತೆ ಅಂತ ನೋಡಿದರು. ಬ್ರೂಕ್ಲಿನ್‌ನ ಯಹೂದಿ ದೀರ್ಘಕಾಲೀನ ಕಾಯಿಲೆಗಳ ಆಸ್ಪತ್ರೆಯಲ್ಲಿ 1963ರಲ್ಲಿ 22 ರೋಗಿಗಳ ಚರ್ಮದಡಿ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಿದರು. ಕೋಶಗಳು ಅಂತ ಹೇಳಿದರು, ಕ್ಯಾನ್ಸರ್ ಅನ್ನೋ ಪದ ಮಾತ್ರ ಹೇಳಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಮತ್ತೊಂದು. ಸಾಯುವ ಹಂತದಲ್ಲಿದ್ದ ಮಗಳ ದೇಹದಿಂದ ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಗಡ್ಡೆಯನ್ನು ತೆಗೆದು ತಾಯಿಯ ದೇಹಕ್ಕೆ ನೆಟ್ಟರು. ತಾಯಿಯಲ್ಲಿ ಪ್ರತಿಕಾಯ ಹುಟ್ಟಿ ಅದರಿಂದ ರೋಗಿಗೆ ಸಹಾಯ ಆಗಬಹುದು ಅನ್ನೋ ಆಸೆ. ಮಗಳು ಮರುದಿನವೇ ತೀರಿಕೊಂಡಳು. ತಾಯಿ 451ನೇ ದಿನ ಅದೇ ಕ್ಯಾನ್ಸರಿನಿಂದ ತೀರಿಕೊಂಡರು. ಈ ತಾಯಿಗೆ ವಿಷಯ ಹೇಳಿದ್ದರು, ಆಕೆ ಒಪ್ಪಿದ್ದರು ಕೂಡ. ಆದರೂ ಬೀಚರ್ ಅದನ್ನು ಪಟ್ಟಿಗೆ ಸೇರಿಸಿದರು. ಸಾಯ್ತಿರೋ ಮಗಳಿಗೋಸ್ಕರ ಯಾವ ತಾಯಿ ತಾನೇ ಆಗಲ್ಲ ಅಂತಾಳೆ? ಹಾಗಾಗಿ ಸಹಿ ಸಿಕ್ಕಿತು ಅಂದ ಮಾತ್ರಕ್ಕೆ ಪ್ರಯೋಗ ಸರಿಯಾಗಲ್ಲ.

ಹೆಸರು ಯಾಕೆ ಬರೆಯಲಿಲ್ಲ?

ಬೀಚರ್ ತಮ್ಮ ಲೇಖನದಲ್ಲಿ ಸಂಶೋಧಕರ ಹೆಸರಾಗಲಿ, ಅವು ಅಚ್ಚಾದ ಪತ್ರಿಕೆಗಳ ವಿವರವಾಗಲಿ ಕೊಡಲಿಲ್ಲ. ಯಾವ ಉದಾಹರಣೆ ಯಾರದ್ದು ಅಂತ ಪೂರ್ತಿ ಪಟ್ಟಿ ಹೊರಗೆ ಬಂದಿದ್ದು 1991ರಲ್ಲಿ, ಡೇವಿಡ್ ರಾತ್‌ಮನ್ ಅನ್ನೋ ಇತಿಹಾಸಕಾರ ಪುಸ್ತಕ ಬರೆದಾಗ. ವ್ಯಕ್ತಿಗಳನ್ನು ದೂರೋದು ತಮ್ಮ ಉದ್ದೇಶ ಅಲ್ಲ, ಇಡೀ ವ್ಯವಸ್ಥೆಯಲ್ಲೇ ಹಬ್ಬಿರುವ ರೂಢಿಯನ್ನು ತೋರಿಸೋದು ಉದ್ದೇಶ ಅನ್ನೋದು ಬೀಚರ್ ನಿಲುವು. ಒಂದು ಒಳ್ಳೆಯ ಪತ್ರಿಕೆಯಲ್ಲಿ 1964ರಲ್ಲಿ ಸಾಲಾಗಿ ಬಂದ 100 ಮಾನವ ಅಧ್ಯಯನಗಳನ್ನು ತೆಗೆದು ನೋಡಿದರೆ 12 ಅನೈತಿಕ ಅನ್ನಿಸಿದವು ಅಂತಲೂ ಅವರು ಬರೆದರು. ಮೂಲ 50 ಉದಾಹರಣೆಗಳಲ್ಲಿ ಸಮ್ಮತಿಯ ಮಾತೇ ಬಂದಿದ್ದು ಎರಡರಲ್ಲಿ ಮಾತ್ರ.

ಹೀಗೆ ಆಗೋದಕ್ಕೆ ಕಾರಣ ಏನು ಅಂತಲೂ ಅವರು ಹುಡುಕಿದರು. ಒಂದು, ಹಣ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧನಾ ಹಣ 1945ರಲ್ಲಿ ಸುಮಾರು 7 ಲಕ್ಷ ಡಾಲರ್ ಇದ್ದದ್ದು 1965ರಲ್ಲಿ 43 ಕೋಟಿ ಡಾಲರ್ ದಾಟಿತ್ತು. ಇನ್ನೊಂದು, ಬಡ್ತಿ. ಮೆಡಿಕಲ್ ಕಾಲೇಜಿನಲ್ಲಿ ಮೇಲೆ ಬರಬೇಕು ಅಂದರೆ ಸಂಶೋಧನೆ ಮಾಡಲೇಬೇಕು, ಪೇಪರ್ ಹಾಕಲೇಬೇಕು. ಕೈತುಂಬ ಹಣ, ತಲೆತುಂಬ ಆತುರ, ಎದುರಿಗೆ ಪ್ರಶ್ನೆ ಕೇಳದ ಬಡ ರೋಗಿ. ಈ ಮೂರು ಸೇರಿದರೆ ಏನಾಗುತ್ತೆ ಅನ್ನೋದೇ ಆ ಪಟ್ಟಿ. ಪೇಪರ್ ಸಂಖ್ಯೆ ಎಣಿಸುವ ಪದ್ಧತಿ ಇವತ್ತು ನಮ್ಮ ಇಂಜಿನಿಯರಿಂಗ್ ಕಾಲೇಜುಗಳಿಗೂ ಬಂದಿದೆ ಅಲ್ವಾ?

ಪ್ರಯೋಗವೊಂದು ನೈತಿಕವೋ ಅಲ್ಲವೋ ಅನ್ನೋದು ಶುರುವಿನಲ್ಲೇ ತೀರ್ಮಾನ ಆಗಿರುತ್ತೆ, ಕೊನೆಗೆ ಒಳ್ಳೆಯ ಫಲಿತಾಂಶ ಬಂತು ಅಂತ ಅದು ಸರಿಯಾಗಿಬಿಡಲ್ಲ ಅಂತ ಬೀಚರ್ ಖಡಾಖಂಡಿತವಾಗಿ ಹೇಳಿದರು. ತಪ್ಪು ದಾರಿಯಲ್ಲಿ ಸಿಕ್ಕ ಮಾಹಿತಿಯನ್ನು ಪತ್ರಿಕೆಗಳು ಅಚ್ಚು ಹಾಕಲೇಬಾರದು ಅನ್ನೋದೂ ಅವರ ಅಭಿಪ್ರಾಯ.

ಮುಂದೇನಾಯ್ತು

ಲೇಖನ ಬರುವ ಕೆಲವೇ ತಿಂಗಳ ಮೊದಲು, 1966ರ ಫೆಬ್ರವರಿಯಲ್ಲಿ, ಅಮೆರಿಕದ ಸರ್ಜನ್ ಜನರಲ್ ಒಂದು ಆದೇಶ ಹೊರಡಿಸಿದ್ದರು. ಸರ್ಕಾರದ ಆರೋಗ್ಯ ಸೇವೆಯ ಹಣದಲ್ಲಿ ಮನುಷ್ಯರ ಮೇಲೆ ಸಂಶೋಧನೆ ಮಾಡಬೇಕಾದರೆ ಆಯಾ ಸಂಸ್ಥೆಯ ಸಮಿತಿ ಮೊದಲೇ ಪರಿಶೀಲಿಸಬೇಕು ಅಂತ. ಆ ಆದೇಶ ಯಾಕೆ ಬೇಕು ಅಂತ ಕೇಳುತ್ತಿದ್ದವರಿಗೆ ಬೀಚರ್ ಪಟ್ಟಿ ಉತ್ತರವಾಯ್ತು. ಆದರೂ ಎಲ್ಲವೂ ಒಂದೇ ದಿನಕ್ಕೆ ಬದಲಾಗಲಿಲ್ಲ. ಬ್ರೂಕ್ಲಿನ್ ಪ್ರಯೋಗ ಮಾಡಿದ ಸಂಶೋಧಕರನ್ನು ಕೆಲವೇ ವರ್ಷಗಳಲ್ಲಿ ಅಮೆರಿಕದ ಕ್ಯಾನ್ಸರ್ ಸಂಶೋಧಕರ ಸಂಘ ತನ್ನ ಅಧ್ಯಕ್ಷರನ್ನಾಗಿ ಆರಿಸಿತು. ಟಸ್ಕೀಗಿಯಲ್ಲಿ 1932ರಿಂದ ಕಪ್ಪು ಜನರ ಸಿಫಿಲಿಸ್ ಕಾಯಿಲೆಗೆ ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತಾ ಕೂತಿದ್ದ ಸರ್ಕಾರಿ ಅಧ್ಯಯನ ಬೀಚರ್ ಪಟ್ಟಿಯಲ್ಲಿ ಇರಲೇ ಇಲ್ಲ. ಅದು 1972ರಲ್ಲಿ ಪತ್ರಿಕೆಗಳಲ್ಲಿ ಬಯಲಾದ ಮೇಲಷ್ಟೇ ನಿಂತಿತು. 1974ರಲ್ಲಿ ಅಮೆರಿಕದಲ್ಲಿ ಕಾನೂನೇ ಬಂತು.

ಬೀಚರ್ ಈ ಮಧ್ಯೆ ಇನ್ನೊಂದು ದೊಡ್ಡ ಕೆಲಸಕ್ಕೆ ಕೈ ಹಾಕಿದ್ದರು. 1968ರಲ್ಲಿ ಹಾರ್ವರ್ಡ್‌ನ ಸಮಿತಿಯೊಂದರ ಅಧ್ಯಕ್ಷರಾಗಿ, ಮೆದುಳು ಪೂರ್ತಿ ನಿಂತುಹೋದವರನ್ನು ಸತ್ತವರು ಅಂತ ಪರಿಗಣಿಸಬಹುದು ಅಂತ ವರದಿ ಕೊಟ್ಟರು. ಮೆದುಳಿನ ಸಾವು ಅಂತ ಇವತ್ತು ಅಂಗಾಂಗ ದಾನದ ಸುದ್ದಿಗಳಲ್ಲಿ ಓದ್ತೀವಲ್ಲ, ಅದರ ಬೇರು ಅಲ್ಲಿದೆ. ಅಂಗಾಂಗ ಸಿಗಲಿ ಅಂತಲೇ ಸಾವಿನ ವ್ಯಾಖ್ಯೆ ಬದಲಿಸಿದರಾ ಅನ್ನೋ ವಾದ ಆಗಲೂ ಇತ್ತು, ಈಗಲೂ ಇದೆ. 1976ರ ಜುಲೈನಲ್ಲಿ ಬೀಚರ್ ತೀರಿಕೊಂಡರು.

ಅವರು ನಂಬಿದ್ದು, ನಾವು ನೋಡಬೇಕಾದ್ದು

ಸಾಯುವವರೆಗೂ ಬೀಚರ್ ಒಂದು ವಿಷಯದಲ್ಲಿ ಬದಲಾಗಲಿಲ್ಲ. ರೋಗಿಗೆ ನಿಜವಾದ ರಕ್ಷಣೆ ನಿಯಮದಿಂದಲ್ಲ, ಬುದ್ಧಿ, ತಿಳಿವಳಿಕೆ, ಮನಸ್ಸಾಕ್ಷಿ, ಕರುಣೆ, ಜವಾಬ್ದಾರಿ ಎಲ್ಲ ಇರುವ ಸಂಶೋಧಕನಿಂದ ಅಂತಲೇ ನಂಬಿದ್ದರು. ನನಗೆ ಇಲ್ಲಿ ಅವರ ಮಾತು ಅರ್ಧ ಮಾತ್ರ ಸರಿ ಅನ್ನಿಸುತ್ತೆ. ಯಾಕಂದ್ರೆ ಅವರ ಪಟ್ಟಿಯಲ್ಲಿದ್ದವರು ರೌಡಿಗಳಲ್ಲ. ಒಳ್ಳೆಯ ಕಾಲೇಜುಗಳ ಬುದ್ಧಿವಂತರು, ಮನೆಯಲ್ಲಿ ಮಕ್ಕಳಿಗೆ ಒಳ್ಳೆಯ ಅಪ್ಪಂದಿರು ಆಗಿದ್ದಿರಬಹುದು. ವಿಲೋಬ್ರೂಕ್ ಅಧ್ಯಯನದ ಮುಖ್ಯಸ್ಥರ ಕೆಲಸದಿಂದ ಹೆಪಟೈಟಿಸ್ ಎ ಮತ್ತು ಬಿ ಬೇರೆ ಬೇರೆ ಅಂತ ಗೊತ್ತಾಯ್ತು, ಅವರಿಗೆ ಆಮೇಲೆ ದೊಡ್ಡ ಪ್ರಶಸ್ತಿಯೂ ಬಂತು. ಒಳ್ಳೆಯವರಾಗಿದ್ದರೆ ಸಾಕು ಅನ್ನೋ ಹಾಗಿದ್ದರೆ ಆ ಪಟ್ಟಿಯೇ ಹುಟ್ಟುತ್ತಿರಲಿಲ್ಲ. ಹಾಗಂತ ಬರೀ ಫಾರಂ ತುಂಬಿಸಿದರೂ ಸಾಕಾಗಲ್ಲ, ಆ ತಾಯಿಯ ಉದಾಹರಣೆಯೇ ಅದಕ್ಕೆ ಸಾಕ್ಷಿ. ಹೊರಗಿನಿಂದ ನೋಡುವ ಸಮಿತಿಯೂ ಬೇಕು, ಒಳಗಿನಿಂದ ಅರ್ಥ ಮಾಡಿಕೊಂಡ ಮನುಷ್ಯನೂ ಬೇಕು.

ಈ ಎರಡನೆಯದಕ್ಕೇ ಈಗ ತರಬೇತಿ ಕೊಡ್ತಾರೆ. ಅಮೆರಿಕದಲ್ಲಿ 2000ದಿಂದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಹಣ ಪಡೆದು ಮನುಷ್ಯರ ಮೇಲೆ ಸಂಶೋಧನೆ ಮಾಡುವವರು ಈ ವಿಷಯ ಓದಿಯೇ ಮುಂದೆ ಹೋಗಬೇಕು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲೇ ಮೊದಲ ನೀತಿ ಹೇಳಿಕೆ ತಂದಿತು. 2000, 2006, 2017ರಲ್ಲಿ ಮಾರ್ಗಸೂಚಿಗಳು ಬಂದವು. ಈಗ ಮೆಡಿಕಲ್ ಕಾಲೇಜುಗಳ ಅಧ್ಯಾಪಕರು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಜೈವಿಕ ವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸ್ ಮಾಡಲೇಬೇಕು. ಅದರಲ್ಲಿ ನೈತಿಕತೆಯ ಪಾಠವೂ ಇದೆ. ಅದು ನಡೆಯೋದು ಎಲ್ಲಿ ಗೊತ್ತಾ? ನಾವು ಕ್ರೆಡಿಟ್‌ಗೋಸ್ಕರ ರಿಜಿಸ್ಟರ್ ಮಾಡ್ತೀವಲ್ಲ, ಅದೇ ಎನ್‌ಪಿಟಿಇಎಲ್ ವೇದಿಕೆಯಲ್ಲಿ. ಕೆಲಸದ ಒತ್ತಡದಲ್ಲಿ ವಿಡಿಯೋ ಓಡಿಸಿ, ಉತ್ತರ ಟಿಕ್ ಹಾಕಿ ಸರ್ಟಿಫಿಕೇಟ್ ತಗೊಳ್ಳೋದು ಅವರಿಗೂ ಸುಲಭ, ನಮಗೂ ಸುಲಭ. ಆದರೆ ಆ ಕೋರ್ಸಿನ ಒಂದೊಂದು ನಿಯಮದ ಹಿಂದೆ 408ರಲ್ಲಿ ಒಬ್ಬ, 500ರಲ್ಲಿ ಒಬ್ಬ, ವಿಲೋಬ್ರೂಕಿನ ಒಂದು ಮಗು ಇದೆ.

ಇದೆಲ್ಲ ಡಾಕ್ಟರುಗಳ ವಿಷಯ, ನಮಗ್ಯಾಕೆ ಅನ್ನಬೇಡಿ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟುಗಳಲ್ಲಿ ಹೃದಯ ಬಡಿತ ಅಳೆಯುವ ಬ್ಯಾಂಡ್, ಮುಖ ಗುರುತಿಸುವ ಕ್ಯಾಮೆರಾ, ಮಾನಸಿಕ ಒತ್ತಡ ಊಹಿಸುವ ಆ್ಯಪ್ ಇವೆಲ್ಲ ಇವೆ. ಡೇಟಾ ಬೇಕು ಅಂದಾಗ ನಾವು ಮೊದಲು ಹೋಗೋದು ಜೂನಿಯರ್‌ಗಳ ಹತ್ತಿರ, ಹಾಸ್ಟೆಲ್ ಅಡುಗೆಮನೆಯ ಅಣ್ಣಂದಿರ ಹತ್ತಿರ, ಗೇಟಿನ ಸೆಕ್ಯೂರಿಟಿ ಅಂಕಲ್ ಹತ್ತಿರ. ಯಾಕಂದ್ರೆ ಅವರು ಇಲ್ಲ ಅನ್ನಲ್ಲ. ಬೀಚರ್ ಪಟ್ಟಿಯ ರೋಗಿಗಳನ್ನು ಆರಿಸಿದ್ದೂ ಬಹುಪಾಲು ಇದೇ ಲೆಕ್ಕದಲ್ಲಿ. ಹಾಗಾಗಿ ಮುಂದಿನ ಸಲ ಒಬ್ಬರ ಕೈಗೆ ಸೆನ್ಸರ್ ಕಟ್ಟುವ ಮೊದಲು, ಇದು ಯಾಕೆ, ಇದರಿಂದ ಏನಾಗಬಹುದು, ಡೇಟಾ ಎಲ್ಲಿ ಹೋಗುತ್ತೆ ಅಂತ ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳೋಣ. ಬೇಡ ಅಂದರೆ ಸರಿ ಅಂತ ಎದ್ದು ಬರೋಣ.